ಫಿಸಿಯೋಥೆರಪಿಗೆ ಮನೆಗೇ ಕರೆಸುವುದೋ, ನಾವೇ ಹೋಗುವುದೋ?

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಕಾಗದದ ಕೊನೆಯಲ್ಲಿ, ಮಾತ್ರೆಗಳ ಪಟ್ಟಿಯ ಕೆಳಗೆ, ‘ಫಿಸಿಯೋಥೆರಪಿ ಮುಂದುವರಿಸುವುದು’ ಎಂಬ ಸಾಲೊಂದು ಇರುತ್ತದೆ. ಎಲ್ಲಿ, ಯಾರಿಂದ, ಎಷ್ಟು ವಾರ ಎಂಬುದು ಹೆಚ್ಚಾಗಿ ಇರುವುದಿಲ್ಲ. ಮಾತ್ರೆ ಊಟಕ್ಕೆ ಮೊದಲೋ ನಂತರವೋ ಎಂದು ಎರಡೆರಡು ಸಲ ಕೇಳುವ ನಾವು ಈ ಸಾಲಿನ ಬಗ್ಗೆ ಏನೂ ಕೇಳದೆ ಫೈಲು ಮುಚ್ಚುತ್ತೇವೆ. ಮನೆಗೆ ಬಂದು ಎರಡು ಮೂರು ದಿನಕ್ಕೆ ಮೊಣಕಾಲು ಊದಿಕೊಂಡು, ಮಡಚಲಿಕ್ಕೂ ಆಗದೆ ನೀಡಲಿಕ್ಕೂ ಆಗದೆ ಹೋದಾಗ ನೆಂಟರಿಗೆ ಫೋನು ಶುರುವಾಗುತ್ತದೆ: ‘ನಿಮ್ಮ ಅತ್ತೆಗೆ ಆಪರೇಷನ್ ಆದಾಗ ಯಾರು ಬರುತ್ತಿದ್ದರು?’

ಮಂಗಳೂರು, ಉಡುಪಿಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರಗಳಿಗೇನೂ ಬರವಿಲ್ಲ. ಆಪರೇಷನ್ ಮಾಡಿದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೇ ಹೋಗಿ ಬರಬಹುದು, ಹತ್ತಿರದ ಪೇಟೆಯ ಕ್ಲಿನಿಕ್ಕಿಗೆ ಹೋಗಬಹುದು, ಮನೆಗೆ ಕರೆಸಬಹುದು, ವಿಡಿಯೋ ಕರೆಯಲ್ಲಿ ನೋಡಿಕೊಂಡು ಮಾಡಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇವುಗಳಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ಅದಕ್ಕೇ ಜೋತುಬೀಳುವುದು ಸರಿಯಲ್ಲ. ಯಾವ ವಾರಕ್ಕೆ ಯಾವುದು ಎಂದು ನೋಡಿ ಬದಲಾಯಿಸುತ್ತಾ ಹೋಗಬೇಕು. ಇನ್ನೊಂದು ಮಾತು: ಮನೆಗೆ ಕರೆಸುವುದೆಂದರೆ ಹೋಗಿ ಬರುವ ತಾಪತ್ರಯ ತಪ್ಪಿಸಿಕೊಳ್ಳುವುದು ಎಂದಷ್ಟೇ ತಿಳಿದವರು ಕೊಟ್ಟ ದುಡ್ಡಿನ ಅರ್ಧವನ್ನು ಕಳೆದುಕೊಂಡ ಹಾಗೆ. ಮನೆಗೆ ಬಂದವರು ರೋಗಿಯ ಕಾಲನ್ನು ನೋಡಿದಷ್ಟೇ ಗಮನದಿಂದ ಮನೆಯನ್ನೂ ನೋಡಬೇಕು.

ಏನಾಗಿದೆ ಎಂಬುದರಿಂದ ಶುರು ಮಾಡಿ

ಮೊಣಕಾಲಿನ ಕೀಲು ಬದಲಿಸಿದವರನ್ನು ಈಗ ಅದೇ ದಿನ ಅಥವಾ ಮರುದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಆಮೇಲಿನ ಎರಡು ಮೂರು ವಾರ ಬಹಳ ಬೆಲೆಯುಳ್ಳದ್ದು. ಎರಡು ವಾರದ ಹೊತ್ತಿಗೆ ಕಾಲು ಸುಮಾರು 90 ಡಿಗ್ರಿ ಮಡಚಬೇಕು, ಪೂರ್ತಿ ನೇರವೂ ಆಗಬೇಕು ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಮಡಚುವುದರ ಬಗ್ಗೆ ನೋಡಲು ಬಂದವರೆಲ್ಲರೂ ವಿಚಾರಿಸುತ್ತಾರೆ. ನೇರವಾಗುವುದರ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ನೋವು ಕಡಿಮೆಯಾಗಲಿ ಎಂದು ಮನೆಯವರು ಪ್ರೀತಿಯಿಂದ ಮಂಡಿಯ ಅಡಿಗೆ ದಿಂಬು ಇಡುತ್ತಾರೆ. ಅದರಿಂದ ಆಗುವುದು ಅಪಕಾರವೇ: ಕಾಲು ಸ್ವಲ್ಪ ಮಡಚಿದ ಸ್ಥಿತಿಯಲ್ಲೇ ಬಿಗಿದುಕೊಂಡು, ಮುಂದೆ ಕುಂಟುತ್ತಾ ನಡೆಯುವ ಹಾಗಾಗುತ್ತದೆ. ದಿಂಬು ಇಡಲೇಬೇಕೆಂದಿದ್ದರೆ ಹಿಮ್ಮಡಿಯ ಅಡಿಗೆ ಇಡಬೇಕು. ಇಂಥದ್ದನ್ನು ಮಂಚದ ಪಕ್ಕ ನಿಂತು ನೋಡಿ ಹೇಳುವವರು ಬೇಕಾದ್ದರಿಂದ ಈ ಅವಧಿಗೆ ಮನೆಗೆ ಕರೆಸುವುದೇ ಒಳ್ಳೆಯದು. ಆಟೋ ಹತ್ತಿ ಇಳಿಯುವ ಧೈರ್ಯ ಬಂದ ಮೇಲೆ ಕ್ಲಿನಿಕ್ಕಿನ ಕಡೆ ಮುಖ ಮಾಡಬೇಕು.

ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದುಕೊಂಡ ಎಂಬತ್ತರ ಅಜ್ಜಿಯ ಲೆಕ್ಕ ಬೇರೆ. ಅವರಿಗೆ ಮನೆಯ ಭೇಟಿಯೇ ಹೆಚ್ಚು ಕಾಲ ಬೇಕಾಗುತ್ತದೆ. ಸೊಂಟದ ಕೀಲಿನ ಚೆಂಡನ್ನು ಹಿಂಬದಿಯಿಂದ ಕೊಯ್ದು ಬದಲಿಸಿದ್ದರೆ ಕೆಲವು ವಾರ ಕಟ್ಟುನಿಟ್ಟಿನ ಪಥ್ಯವಿದೆ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು. ತಗ್ಗಿನ ಮಣೆ, ನೆಲದ ಮೇಲಿನ ಊಟ, ಕುಕ್ಕರಗಾಲಿನಲ್ಲಿ ಕೂರುವ ಹಳೆಯ ಮಾದರಿಯ ಶೌಚಾಲಯ ಎಲ್ಲವೂ ವರ್ಜ್ಯ. ಜೀವಮಾನವಿಡೀ ನೆಲದಲ್ಲಿ ಕುಳಿತು ಹೂವು ಕಟ್ಟಿದವರಿಗೆ, ಬೀಡಿ ಸುತ್ತಿದವರಿಗೆ ಈ ಪಥ್ಯ ಮಾತ್ರೆಗಿಂತ ಕಹಿ. ಒಂದು ಸಲ ಹೇಳಿದರೆ ಸಾಲುವುದಿಲ್ಲ.

ಕಬಡ್ಡಿಯಲ್ಲೋ ವಾಲಿಬಾಲಿನಲ್ಲೋ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು (ಲಿಗಮೆಂಟ್) ಹರಿದು ಆಪರೇಷನ್ ಮಾಡಿಸಿಕೊಂಡ ಹುಡುಗನಿಗೆ ಮಾತ್ರ ಮನೆ ಸೂಕ್ತ ಜಾಗವಲ್ಲ. ಮೊದಲ ಕೆಲವು ದಿನ ಊತ ಇಳಿಸಿ, ಕಾಲು ನೇರ ಮಾಡಿ, ತೊಡೆಯ ಸ್ನಾಯುವನ್ನು ಎಬ್ಬಿಸುವವರೆಗೆ ಯಾರಾದರೂ ಬಂದು ಹೋದರೆ ಸಾಕು. ಆಮೇಲೆ ಅವನಿಗೆ ಬೇಕಾದದ್ದು ಸೈಕಲ್, ಭಾರ ತಳ್ಳುವ ಯಂತ್ರ, ಒಂಟಿಕಾಲಿನಲ್ಲಿ ಜಿಗಿಸಿ ಎರಡೂ ಕಾಲುಗಳ ಬಲವನ್ನು ಹೋಲಿಸಿ ನೋಡುವವರು. ಮತ್ತೆ ಅಂಕಣಕ್ಕೆ ಇಳಿಯುವ ಮುನ್ನ ಕನಿಷ್ಠ 9 ತಿಂಗಳು ಕಾಯಿರಿ ಎಂಬುದು ಇಂದಿನ ಸಾಮಾನ್ಯ ಸಲಹೆ. ಊರ ಪಂದ್ಯಕ್ಕೆ ಜನ ಕಡಿಮೆ ಬಿದ್ದಿದೆ ಎಂದು ಆರನೇ ತಿಂಗಳಿಗೇ ಕರೆಯಲು ಬರುವ ಗೆಳೆಯರಿಗೂ ಇದನ್ನು ತಿಳಿಸಿಬಿಡುವುದು ಒಳ್ಳೆಯದು.

ಮುಂಗೈ ಮೂಳೆ ಮುರಿದು ಪ್ಲಾಸ್ಟರ್ ಬಿಚ್ಚಿದವರು, ಭುಜ ಹಿಡಿದುಕೊಂಡವರು ಕಾಲು ಗಟ್ಟಿ ಇರುವವರೆಗೆ ಕ್ಲಿನಿಕ್ಕಿಗೇ ಹೋಗಲಿ. ಮನೆಗೆ ಕರೆಸುವ ಹೆಚ್ಚಿನ ಖರ್ಚಿಗೆ ಅಲ್ಲಿ ಕಾರಣವಿಲ್ಲ.

ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ವಿಷಯವನ್ನು ಈ ಪಟ್ಟಿಯಲ್ಲಿ ಸೇರಿಸುವುದೇ ಕಷ್ಟ. ಅವರಿಗೆ ಮೊದಲು ಬೇಕಾದದ್ದು ಒಳರೋಗಿಯಾಗಿ ಪಡೆಯುವ ಪುನಶ್ಚೇತನ. ಕನ್ಯಾಡಿಯ ಸೇವಾಭಾರತಿ ಸಂಸ್ಥೆ ಇಂಥವರಿಗೆಂದೇ ಕೊಕ್ಕಡದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಆಮೇಲೆ ಮನೆಗೆ ಬರುವ ಫಿಸಿಯೋಥೆರಪಿಸ್ಟರ ಮುಖ್ಯ ಕೆಲಸ ಮನೆಯವರಿಗೆ ಕಲಿಸುವುದು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮಂಚದಿಂದ ಗಾಲಿಕುರ್ಚಿಗೆ ಇಳಿಸುವುದು, ಕೀಲುಗಳು ಬಿಗಿಯದಂತೆ ನೋಡಿಕೊಳ್ಳುವುದು.

ಮನೆಯೇ ಅರ್ಧ ಚಿಕಿತ್ಸೆ

ಆಸ್ಪತ್ರೆಯ ಕಾರಿಡಾರು ಸಪಾಟು, ಅಗಲ, ಗೋಡೆಗೆ ಹಿಡಿಕೆ. ನಮ್ಮ ಮನೆಗಳು ಹಾಗಿಲ್ಲ. ಅಂಗಳದಿಂದ ಜಗಲಿಗೆ ಮುರಕಲ್ಲಿನ ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಚಾವಡಿಗೆ ಹೊಸ್ತಿಲು, ಅಡುಗೆಮನೆಗೆ ಹೊಸ್ತಿಲು. ರೆಡ್ ಆಕ್ಸೈಡಿನ ನೆಲ ಒಣಗಿದ್ದರೆ ಚಂದ, ಒದ್ದೆಯಾದರೆ ದೇವರೇ ಗತಿ. ಬಚ್ಚಲು ಎಷ್ಟೋ ಕಡೆ ಇನ್ನೂ ಮನೆಯ ಹಿಂಬದಿಯಲ್ಲಿದೆ. ಜೂನ್ ಬಂತೆಂದರೆ ಅಂಗಳದಲ್ಲಿ ಪಾಚಿ.

ಪರ್ಕಳದಲ್ಲಿರುವ ನನ್ನ ಚಿಕ್ಕಮ್ಮನ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಹುಡುಗಿ ಮೊದಲ ದಿನ ಚೀಲವನ್ನೇ ಬಿಚ್ಚಲಿಲ್ಲ. ‘ಮೊದಲು ಕುಳಿತುಕೊಳ್ಳಮ್ಮ, ಚಾ ಕುಡಿ’ ಎಂದರೆ, ‘ಚಾ ಆಮೇಲೆ ಅಮ್ಮ, ಬಚ್ಚಲು ಎಲ್ಲಿದೆ ತೋರಿಸಿ’ ಎಂದಳು. ವಾಕರನ್ನು ಬಚ್ಚಲಿನ ಬಾಗಿಲಿಗೆ ಹಿಡಿದು ನೋಡಿದಳು. ನೆಟ್ಟಗೆ ಒಳಗೆ ಹೋಗಲಿಲ್ಲ, ಅಡ್ಡ ತಿರುಗಿಸಿ ಪಕ್ಕಕ್ಕೆ ಹೆಜ್ಜೆ ಇಡಬೇಕಾಯಿತು. ಹಾಗೆ ಪಕ್ಕಕ್ಕೆ ಹೆಜ್ಜೆ ಇಡುವುದೇ ಆ ದಿನದ ವ್ಯಾಯಾಮವಾಯಿತು. ಬಾಗಿಲ ಬಳಿಯ ಹಳೆಯ ಸೀರೆಯ ಕಾಲೊರಸು ಹೊರಗೆ ಹೋಯಿತು. ವಾಕರಿನ ಕಾಲಿನ ರಬ್ಬರ್ ಬುಷ್ ಒಂದು ಸವೆದು ಲೋಹ ಕಾಣುತ್ತಿತ್ತು. ಯಾರದ್ದೋ ಮನೆಯಿಂದ ತಂದ ವಾಕರ್ ಅದು, ಚಿಕ್ಕಮ್ಮನಿಗೆ ಎತ್ತರವೂ ಹೆಚ್ಚಾಗಿತ್ತು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು, ಹಿಡಿದಾಗ ಮೊಣಕೈ ತುಸು ಬಾಗಿರಬೇಕು ಎಂದು ತೋರಿಸಿ, ನಾಲ್ಕೂ ಕಾಲುಗಳನ್ನು ಒಂದೊಂದು ತೂತು ಇಳಿಸಿ ಕೂರಿಸಿದಳು. ಜಗಲಿಯ ಮೆಟ್ಟಿಲ ಬಳಿ ನಿಂತು ಕಲಿಸಿದ್ದು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮುಂದೆ ವಾಕರ್ ಬಿಟ್ಟು ಕೋಲಿಗೆ ಬಂದಾಗ ಅದನ್ನು ಆಪರೇಷನ್ ಆದ ಕಾಲಿನ ಕಡೆ ಹಿಡಿಯಲು ಹೊರಟ ಚಿಕ್ಕಮ್ಮನಿಗೆ, ಎದುರು ಕೈಯಲ್ಲಿ ಹಿಡಿಯಬೇಕೆಂದು ಹೇಳಿದ್ದೂ ಅವಳೇ.

ಇಷ್ಟನ್ನು ಯಾವ ಆಸ್ಪತ್ರೆಯ ವಿಭಾಗದಲ್ಲಿ ಕುಳಿತೂ ಹೇಳಲು ಬರುವುದಿಲ್ಲ. ಮನೆಯ ಭೇಟಿಗೆ ಹೆಚ್ಚು ದುಡ್ಡು ಕೊಡುವುದು ಇದಕ್ಕಾಗಿ. ಬಂದವರು ಮಂಚದ ಪಕ್ಕ ಕುಳಿತು, ಯಂತ್ರ ಹಚ್ಚಿ, ಕಾಲನ್ನು ಹತ್ತು ಸಲ ಮಡಚಿಸಿ ಹೊರಟುಹೋದರೆ ಅದು ಆಸ್ಪತ್ರೆಯ ಕೆಲಸವನ್ನೇ ಕಡಿಮೆ ಸಲಕರಣೆಯಲ್ಲಿ ಮಾಡಿದಂತೆ.

ಮನೆಯ ಭೇಟಿ ಎಲ್ಲಿ ಸೋಲುತ್ತದೆ

ಮನೆಯಲ್ಲಿ ರೋಗಿಯೇ ಯಜಮಾನ. ‘ಇವತ್ತು ಬೇಡ, ನಿನ್ನೆ ರಾತ್ರಿ ನಿದ್ದೆ ಇಲ್ಲ’ ಎಂದರೆ ಬಂದವರು ದಾಕ್ಷಿಣ್ಯಕ್ಕೆ ಸುಮ್ಮನಾಗುತ್ತಾರೆ. ನಡುವೆ ನೋಡಲು ಬರುವ ನೆಂಟರು, ಹಿಂದೆ ಟಿವಿ. ಸ್ಕೂಟರಿನಲ್ಲಿ ಮಳೆಯಲ್ಲಿ ನೆನೆದುಕೊಂಡು ಬೆಳಿಗ್ಗೆ ಸುರತ್ಕಲ್, ಮಧ್ಯಾಹ್ನ ಬಜಪೆ, ಸಂಜೆ ಕುಲಶೇಖರ ಎಂದು ಓಡುವವರಿಗೆ ಗಡಿಯಾರದ ಮೇಲೆ ಕಣ್ಣಿರುವುದು ಸಹಜ. ಕ್ಲಿನಿಕ್ಕಿನಲ್ಲಾದರೆ ಪಕ್ಕದ ಮಂಚದಲ್ಲಿ ಅದೇ ಆಪರೇಷನ್ ಆಗಿ ಒಂದು ತಿಂಗಳು ಕಳೆದವರು ಸೈಕಲ್ ತುಳಿಯುತ್ತಿರುತ್ತಾರೆ. ಅವರನ್ನು ನೋಡಿ ಬರುವ ಧೈರ್ಯವನ್ನು ಯಾರೂ ಮನೆಗೆ ಹೊತ್ತು ತರಲಾರರು.

ಇನ್ನು ‘ಕರೆಂಟು ಕೊಡುವುದು’. ನಮ್ಮ ಕಡೆ ಫಿಸಿಯೋಥೆರಪಿ ಎಂದರೆ ಇದೇ ಎಂದು ಬಹಳ ಜನ ನಂಬಿದ್ದಾರೆ. ಕರೆಂಟು ಕೊಡದ ದಿನ ದುಡ್ಡು ವ್ಯರ್ಥವಾಯಿತೆಂದು ಗೊಣಗುವವರಿದ್ದಾರೆ. ಚರ್ಮದ ಮೇಲಿನಿಂದ ಸಣ್ಣಗೆ ವಿದ್ಯುತ್ ಹಾಯಿಸುವ ಐಎಫ್‌ಟಿ, ಟೆನ್ಸ್ ಮುಂತಾದ ಯಂತ್ರಗಳು ನೋವನ್ನು ಸ್ವಲ್ಪ ಹೊತ್ತು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತವೆ, ಅಷ್ಟೆ. ಸ್ನಾಯುವಿಗೆ ಬಲ ಬರುವುದು ವ್ಯಾಯಾಮದಿಂದ. ಕಾಲನ್ನು ತಾನಾಗಿಯೇ ಮಡಚಿ ನೀಡುವ ಸಿಪಿಎಂ ಯಂತ್ರವನ್ನು ಬಾಡಿಗೆಗೆ ತರಿಸಲು ಯಾರಾದರೂ ಹೇಳಿದರೆ ಯೋಚಿಸಿ. ಮಂಡಿ ಬದಲಿಸಿದವರಿಗೆ ಅದರಿಂದ ಹೇಳಿಕೊಳ್ಳುವಂಥ ಹೆಚ್ಚುವರಿ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ. ಒಳಗೆ ಲೋಹದ ರಾಡು, ಪ್ಲೇಟು ಇದ್ದರೆ ಅಲ್ಲಿ ಶಾರ್ಟ್‌ವೇವ್ ಡಯಾಥರ್ಮಿ (ಒಳಗಿನವರೆಗೆ ಬಿಸಿ ಕೊಡುವ ಯಂತ್ರ) ಕೊಡುವಂತಿಲ್ಲ. ಪೇಸ್‌ಮೇಕರ್ ಇದ್ದರೆ ಯಂತ್ರದ ವಯರು ಮೈಗೆ ತಾಗುವ ಮೊದಲೇ ಹೇಳಬೇಕು.

ದೊಡ್ಡ ಆಸ್ಪತ್ರೆ, ಸಣ್ಣ ಕ್ಲಿನಿಕ್

ಈ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳು ಪುಣ್ಯ ಮಾಡಿವೆ. ಮಣಿಪಾಲ, ದೇರಳಕಟ್ಟೆ, ಕಂಕನಾಡಿ, ಅತ್ತಾವರ, ಕುಂಟಿಕಾನ ಹೀಗೆ ಎಲ್ಲಿ ಕಲ್ಲೆಸೆದರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಹಲವು ಕಡೆ ಫಿಸಿಯೋಥೆರಪಿ ಕಾಲೇಜೂ ಇದೆ. ಬೋಧನಾ ಆಸ್ಪತ್ರೆಗಳಲ್ಲಿ ಶುಲ್ಕ ಸಾಮಾನ್ಯವಾಗಿ ಹಗುರ, ಸಲಕರಣೆ ಹೇರಳ, ಗಾಯ ಕೆಂಪಾಗಿದೆ ಎನ್ನಿಸಿದರೆ ಸರ್ಜನ್ ಅದೇ ಕಟ್ಟಡದಲ್ಲಿ ಸಿಗುತ್ತಾರೆ. ವಿದ್ಯಾರ್ಥಿಗಳು ಮಾಡಿಸುತ್ತಾರೆಂದು ಹಿಂಜರಿಯುವವರಿಗೆ ನನ್ನ ಮಾತು: ಮೇಲೆ ಅಧ್ಯಾಪಕರ ಕಣ್ಣಿದ್ದರೆ ವಿದ್ಯಾರ್ಥಿಗಳಷ್ಟು ತಾಳ್ಮೆಯಿಂದ ಲೆಕ್ಕ ಹಿಡಿದು ಮಾಡಿಸುವವರು ಕಡಿಮೆ. ಒಂದೇ ಕೊರತೆಯೆಂದರೆ ಪೋಸ್ಟಿಂಗ್ ಮುಗಿದಾಗ ಅವರು ಬದಲಾಗುತ್ತಾರೆ, ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಕೈ ಬಿಗಿ ಇರುವವರು ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗಳಲ್ಲಿ ಮೊದಲು ವಿಚಾರಿಸಲಿ. ಬೆಳಗಿನ ಜನಸಂದಣಿಗೆ ಸಿದ್ಧರಾಗಿ ಹೋಗಬೇಕು.

ಆದರೆ ಹೋಗುವುದು ಹೇಗೆ? ನಮ್ಮ ಖಾಸಗಿ ಬಸ್ಸಿನ ಮೆಟ್ಟಿಲಿನ ಎತ್ತರ, ಪೂರ್ತಿ ಹತ್ತುವ ಮೊದಲೇ ಊದುವ ಸೀಟಿ, ಇವು ಗಟ್ಟಿ ಮೊಣಕಾಲಿಗೂ ಪರೀಕ್ಷೆ. ಮೊದಲ ತಿಂಗಳು ಬಸ್ಸಿನ ಮಾತೇ ಬೇಡ. ಕಾರಾದರೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೊದಲು ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಳಗೆ ತೆಗೆದುಕೊಳ್ಳಬೇಕು. ಕುಂದಾಪುರದಿಂದ ಮಣಿಪಾಲಕ್ಕೆ, ಮೂಡುಬಿದಿರೆಯಿಂದ ಮಂಗಳೂರಿಗೆ ವಾರಕ್ಕೆ ಮೂರು ಸಲ ಓಡಾಡಿ ಮನೆಗೆ ಮುಟ್ಟುವಾಗ ಕಾಲು ಬೆಳಗಿಗಿಂತ ಹೆಚ್ಚು ಊದಿಕೊಂಡಿದ್ದರೆ ಆ ವ್ಯಾಯಾಮದ ಫಲವೇನು? ಅಂಥವರಿಗೆ ಹತ್ತಿರದ ಕ್ಲಿನಿಕ್ಕೇ ಲೇಸು. ಕ್ಲಿನಿಕ್ ಯಾವ ಮಹಡಿಯಲ್ಲಿದೆ, ಲಿಫ್ಟ್ ಇದೆಯೇ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಮೊಣಕಾಲು ನೋವಿನವರಿಗೆಂದು ತೆರೆದ ಜಾಗಕ್ಕೆ ಇಪ್ಪತ್ತು ಮೆಟ್ಟಿಲು ಹತ್ತಿಸುವ ವಿನೋದವೂ ನಮ್ಮಲ್ಲಿದೆ. ಖಾಸಗಿ ಫಿಸಿಯೋಥೆರಪಿ ಕೇಂದ್ರಗಳೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಗೋಡೆಯಲ್ಲಿ ಪ್ರಮಾಣಪತ್ರ ತೂಗಿದೆಯೇ ನೋಡಿ.

ವಿಡಿಯೋ ಕರೆ ಆರಂಭದ ವಾರಗಳಿಗಲ್ಲ. ಜಾರಿದರೆ ಪರದೆಯೊಳಗಿನಿಂದ ಯಾರೂ ಹಿಡಿಯಲಾರರು. ವ್ಯಾಯಾಮ ಕೈವಶವಾದ ಮೇಲೆ, ಎರಡು ವಾರಕ್ಕೊಮ್ಮೆ ತೋರಿಸಿ ಸರಿಪಡಿಸಿಕೊಳ್ಳಲು ಚೆನ್ನಾಗಿದೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಆ ಕರೆಯಲ್ಲಿ ಸೇರಿಕೊಂಡರೆ ಅಪ್ಪ ಸುಳ್ಳು ಹೇಳುವುದಿಲ್ಲ.

ಬರುವವರು ಯಾರು?

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ನಮ್ಮ ಊರುಗಳಲ್ಲಿ ‘ಹೋಮ್ ನರ್ಸ್’ ಎಂದು ಕರೆಯುವವರು ರೋಗಿಯ ಜೊತೆ ಇದ್ದು ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುವವರು. ಅವರಲ್ಲಿ ನರ್ಸಿಂಗ್ ಓದಿದವರೂ ಇದ್ದಾರೆ, ಓದದವರೂ ಇದ್ದಾರೆ. ‘ವ್ಯಾಯಾಮವನ್ನೂ ಅವರೇ ಮಾಡಿಸುತ್ತಾರೆ’ ಎಂದು ಏಜೆನ್ಸಿಯವರು ಹೇಳಿದರೆ ಒಪ್ಪಬೇಡಿ. ಕಲಿಸಿದ್ದನ್ನು ದಿನಕ್ಕೆ ಮೂರು ಸಲ ನೆನಪಿಸಿ ಮಾಡಿಸಲು ಅವರ ನೆರವು ಬಹಳ ದೊಡ್ಡದು. ಏನು ಮಾಡಬೇಕೆಂದು ತೀರ್ಮಾನಿಸುವುದು ಅವರ ಕೆಲಸವಲ್ಲ. ಹಾಗೆಯೇ ಎಣ್ಣೆ ತಿಕ್ಕುವವರು. ಆಯುರ್ವೇದಕ್ಕೆ ಕರಾವಳಿಯಲ್ಲಿ ಒಳ್ಳೆಯ ನೆಲೆಯಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಹೊಲಿಗೆಯ ಗಾಯ ಪೂರ್ತಿ ಮಾಯುವ ಮೊದಲು ಅದರ ಮೇಲೆ ಎಣ್ಣೆ ಹಾಕುವುದು, ಊದಿದ ಮೀನಖಂಡವನ್ನು ಬಲವಾಗಿ ತಿಕ್ಕುವುದು ಅಪಾಯ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು.

ಈಗ ವೃತ್ತಿಯಲ್ಲಿರುವ ಫಿಸಿಯೋಥೆರಪಿಸ್ಟರು ಬಿಪಿಟಿ (ಫಿಸಿಯೋಥೆರಪಿ ಪದವಿ) ಮಾಡಿದವರು: ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್. ಎಂಪಿಟಿ ಎಂದಿದ್ದರೆ ಮೂಳೆ, ನರ, ಕ್ರೀಡೆ ಹೀಗೆ ಒಂದರಲ್ಲಿ ಮುಂದೆ ಓದಿದ್ದಾರೆಂದು ಅರ್ಥ. ಓದು ಎಲ್ಲಿ ಆಯಿತೆಂದು ಕೇಳುವುದಕ್ಕೆ ಸಂಕೋಚ ಬೇಡ. ಓದಿದವರು ಸಂತೋಷದಿಂದ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ಮಹಿಳಾ ಫಿಸಿಯೋಥೆರಪಿಸ್ಟರೇ ಬೇಕೆಂದು ಕೇಳುವುದೂ ಸಹಜವೇ. ಭಾಷೆಯನ್ನೂ ವಿಚಾರಿಸಿ. ನೋವಿನಲ್ಲಿರುವ ಅಜ್ಜಿಗೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ‘ಇನ್ನೊಂದು ಚೂರು’ ಎಂದರೆ ಕಾಲು ಇನ್ನೊಂದು ಚೂರು ಮಡಚುತ್ತದೆ. ಇಲ್ಲಿ ಓದಿ ಇಲ್ಲೇ ಉಳಿದ ಕೇರಳದವರು ಎಷ್ಟೋ ಮಂದಿ ಇಷ್ಟು ತುಳು ಕಲಿತಿದ್ದಾರೆ.

ಮೊದಲ ದಿನ ಅವರು ಆಸ್ಪತ್ರೆಯ ಕಾಗದ ಕೇಳಬೇಕು. ಕಾಲಿಗೆ ಎಷ್ಟು ಭಾರ ಹಾಕಬಹುದೆಂದು ಸರ್ಜನ್ ಬರೆದದ್ದನ್ನು ಓದಬೇಕು. ಕೋನಮಾಪಕ ಹಿಡಿದು ಕಾಲು ಎಷ್ಟು ಮಡಚುತ್ತದೆ, ಎಷ್ಟು ನೇರವಾಗುತ್ತದೆಂದು ಅಳೆದು ಬರೆದಿಡಬೇಕು. ಅಳೆಯದೆ ‘ಚೆನ್ನಾಗಿದೆ ಅಮ್ಮ’ ಎನ್ನುವವರನ್ನು ನಾನು ನಂಬುವುದಿಲ್ಲ. ಮೂವತ್ತು ದಿನದ ದುಡ್ಡನ್ನು ಮುಂಗಡವಾಗಿ ಕೇಳಿದರೆ ಕೊಡಬೇಡಿ, ವಾರದ ಲೆಕ್ಕ ಸಾಕು. ದಿನಕ್ಕೊಬ್ಬರನ್ನು ಕಳುಹಿಸುವುದಿಲ್ಲ ಎಂಬ ಮಾತನ್ನು ಮೊದಲೇ ತೆಗೆದುಕೊಳ್ಳಿ.

ದುಡ್ಡಿನ ಲೆಕ್ಕ

ಭೇಟಿಯ ಶುಲ್ಕವನ್ನು ಮಾತ್ರ ಹೋಲಿಸಿದರೆ ಮನೆ ಯಾವಾಗಲೂ ದುಬಾರಿಯಾಗಿಯೇ ಕಾಣುತ್ತದೆ. ಲೆಕ್ಕಕ್ಕಾಗಿ ಮನೆಗೆ ಬರಲು 600, ಕ್ಲಿನಿಕ್ಕಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಹೋಗಿ ಬರುವ ಆಟೋಕ್ಕೆ 250 ಆದರೆ ಉಳಿಯುವುದು 50. ಜೊತೆಗೆ ಹೋಗಲು ಮಗಳು ಅರ್ಧ ದಿನ ರಜೆ ಹಾಕಿದರೆ ಅದೂ ಇಲ್ಲ. ಅದೇ ಕ್ಲಿನಿಕ್ ನಡೆದು ಹೋಗುವಷ್ಟು ಹತ್ತಿರವಿದ್ದರೆ ತಕ್ಕಡಿ ಪೂರ್ತಿ ಆಚೆ ವಾಲುತ್ತದೆ. ಹಲವು ಆರೋಗ್ಯ ವಿಮೆಗಳಲ್ಲಿ ಬಿಡುಗಡೆಯ ನಂತರದ 60 ಅಥವಾ 90 ದಿನಗಳ ಖರ್ಚು ಸೇರಿರುತ್ತದೆ. ಫಿಸಿಯೋಥೆರಪಿಯೂ ಅದರಲ್ಲಿ ಬರುತ್ತದೆಯೇ, ಮನೆಯ ಭೇಟಿಗೂ ಕೊಡುತ್ತಾರೆಯೇ ಎಂದು ಪಾಲಿಸಿ ನೋಡಿ ಕೇಳಿ. ಕೊಡುವುದಾದರೂ ವೈದ್ಯರ ಚೀಟಿ ಮತ್ತು ಸರಿಯಾದ ರಸೀದಿ ಬೇಕೇ ಬೇಕು. ಗೂಗಲ್ ಪೇಯ ಸ್ಕ್ರೀನ್‌ಶಾಟನ್ನು ವಿಮೆಯವರು ಒಪ್ಪುವುದಿಲ್ಲ.

ಎಲ್ಲಿ ಮಾಡಿಸಿಕೊಂಡರೂ ಕೆಲವು ಲಕ್ಷಣಗಳಿಗೆ ಫಿಸಿಯೋಥೆರಪಿಸ್ಟರನ್ನು ಕಾಯಬಾರದು. ಮೀನಖಂಡದಲ್ಲಿ ಹೊಸದಾಗಿ ನೋವು, ಊತ, ಬಿಸಿ; ಗಾಯದಿಂದ ಕೀವು, ಚಳಿಜ್ವರ; ಕಾಲಿಗೆ ಇದ್ದಕ್ಕಿದ್ದಂತೆ ಭಾರ ಹಾಕಲಾಗದಿರುವುದು; ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಪರೇಷನ್ ಮಾಡಿದ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಉಸಿರಿನ ತೊಂದರೆ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದ ತುರ್ತು ವಿಭಾಗ ಸೇರಬೇಕು.

ಮನೆಯ ಭೇಟಿ ನಿಲ್ಲಿಸುವುದು ಯಾವಾಗ ಎಂಬುದನ್ನು ಬರುವವರು ತಾವಾಗಿ ಹೇಳುವುದು ಅಪರೂಪ, ಅವರಿಗೂ ಹೊಟ್ಟೆಪಾಡಿದೆ. ಹಿಡಿಕೆ ಹಿಡಿದು ಮೆಟ್ಟಿಲು ಹತ್ತಿ ಇಳಿಯುವುದು, ಬಚ್ಚಲಿಗೆ ಒಬ್ಬರೇ ಹೋಗಿ ಬರುವುದು, ವಾಹನ ಹತ್ತುವುದು, ಈ ಮೂರೂ ಸಾಧ್ಯವಾದ ವಾರ ದಿನನಿತ್ಯದ ಭೇಟಿಯನ್ನು ವಾರಕ್ಕೊಂದಕ್ಕೆ ಇಳಿಸಿ, ಉಳಿದ ದಿನಗಳನ್ನು ಕ್ಲಿನಿಕ್ಕಿಗೆ ಬದಲಾಯಿಸಿ. ಬದಲಾಯಿಸುವಾಗ ಅದುವರೆಗಿನ ಅಳತೆಗಳನ್ನೂ ವ್ಯಾಯಾಮಗಳ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಿ. ಸರ್ಜನ್ ಬಳಿಗೆ ಮರುಭೇಟಿಗೆ ಹೋದಾಗಲೂ ಅದೇ ಹಾಳೆಯನ್ನು ಮುಂದಿಟ್ಟು, ಭಾರ ಪೂರ್ತಿ ಹಾಕಬಹುದೇ, ಕೋಲು ಬಿಡುವುದು ಯಾವಾಗ, ನೆಲದಲ್ಲಿ ಕೂರಬಹುದೇ ಎಂಬ ಮೂರಕ್ಕೂ ಉತ್ತರವನ್ನು ಅದರ ಮೇಲೆಯೇ ಬರೆಸಿಕೊಳ್ಳಿ.